ಸುತ್ತಳತೆ, ವಿಸ್ತೀರ್ಣ ತಿಳಿದರೆ ಬದಿಗಳು ತಿಳಿಯುವುದೇ?

ಪ್ರಶ್ನೆ: ಆಯತಾಕಾರದ ನಿವೇಶನವೊಂದರ ಸುತ್ತಳತೆ 140 ಅಡಿ, ವಿಸ್ತೀರ್ಣ 1200 ಚದರ ಅಡಿ ಎಂದಷ್ಟೇ ತಿಳಿದಿದ್ದರೆ ಅದರ ಉದ್ದ, ಅಗಲಗಳನ್ನು ಕಂಡುಹಿಡಿಯಬಹುದೇ?
– ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ಖಂಡಿತ ಸಾಧ್ಯ. ಸುತ್ತಳತೆಯು ಉದ್ದ ಮತ್ತು ಅಗಲಗಳ ಮೊತ್ತದ ಎರಡರಷ್ಟಾದ್ದರಿಂದ ಆ ಮೊತ್ತ 70 ಅಡಿ. ಅಗಲವನ್ನು ‘ಅ’ ಎಂದುಕೊಂಡರೆ ಉದ್ದ 70 − ಅ ಆಗುತ್ತದೆ; ಇವುಗಳ ಗುಣಲಬ್ಧವೇ ವಿಸ್ತೀರ್ಣವಾದ್ದರಿಂದ ಅ(70 − ಅ) = 1200, ಅಂದರೆ ಅ² − 70ಅ + 1200 = 0 ಎಂಬ ವರ್ಗಸಮೀಕರಣ ದೊರೆಯುತ್ತದೆ. ಇದನ್ನು (ಅ − 30)(ಅ − 40) = 0 ಎಂದು ಅಪವರ್ತಿಸಿದಾಗ, ನಮ್ಮ ಬೆಂಗಳೂರಿನ ಬಡಾವಣೆಗಳಲ್ಲಿ ಎಲ್ಲರಿಗೂ ಪರಿಚಿತವಾದ 30×40 ಅಳತೆಯ ನಿವೇಶನವೇ ಎದುರಾಗುತ್ತದೆ.

ನನಗೆ ಇದಕ್ಕಿಂತಲೂ ಸೊಗಸಾಗಿ ಕಾಣುವ ದಾರಿ ಇನ್ನೊಂದಿದೆ. ಮೊತ್ತ 70 ಆದ್ದರಿಂದ ಬದಿಗಳನ್ನು 35 + ಕ, 35 − ಕ ಎಂದು ಬರೆಯಬಹುದು. ಆಗ ವಿಸ್ತೀರ್ಣ 1225 − ಕ². ಇಲ್ಲಿ ಕ² = 25, ಕ = 5. ಸುತ್ತಳತೆ ಬದಲಾಗದಿದ್ದಾಗ ಚೌಕವೇ ಅತಿ ಹೆಚ್ಚು ಜಾಗವನ್ನು ಒಳಗೊಳ್ಳುತ್ತದೆ ಎಂಬುದನ್ನೂ 1225 − ಕ² ಎಂಬ ಇದೇ ಸಾಲು ಸಾಧಿಸಿಕೊಡುತ್ತದೆ: ಕ ಸೊನ್ನೆಯಾದಾಗ, ಅಂದರೆ ಬದಿಗಳು ಸಮವಾದಾಗ, ವಿಸ್ತೀರ್ಣ ಗರಿಷ್ಠ 1225 ಚದರ ಅಡಿ. ಆದ್ದರಿಂದ 140 ಅಡಿ ಸುತ್ತಳತೆಯ ಆಯತದ ವಿಸ್ತೀರ್ಣ 1300 ಚದರ ಅಡಿ ಎಂದು ಯಾರಾದರೂ ಹೇಳಿದರೆ, ಅಳತೆಯನ್ನು ಮತ್ತೊಮ್ಮೆ ತೆಗೆಯಲು ಧೈರ್ಯವಾಗಿ ಕೇಳಿ.