ಚಳಿಗಾಲದ ರಜೆಗೆ ನಮ್ಮದೇ ಪದ್ಧತಿ ಶುರು ಮಾಡಬಹುದಾ?

ಅಮ್ಮ ಇದ್ದಾಗ ವರ್ಷದ ಕೊನೇ ರಾತ್ರಿ ಎಲ್ಲರೂ ಫೋಟೋ ಆಲ್ಬಮ್ ತೆಗೆದು ಕೂರುತ್ತಿದ್ದೆವು, ಈಗ ಅಣ್ಣ ದೂರದಲ್ಲಿದ್ದಾನೆ, ನಾನೊಬ್ಬಳೇ ಇದ್ದೇನೆ ಅಂತ ಬರೆದಿದ್ದೀರಿ. ಹಳೆಯದನ್ನೇ ಹಿಡಿದುಕೊಳ್ಳಬೇಕಾ, ಹೊಸದು ಶುರು ಮಾಡಬೇಕಾ, ನಾವೇ ಹುಟ್ಟುಹಾಕಿದ್ದು ನಾಟಕದ ಹಾಗೆ ಅನ್ನಿಸಲ್ವಾ ಅಂತ ಕೇಳಿದ್ದೀರಿ.

ಮೊದಲನೇ ವರ್ಷ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು.

ನಮ್ಮಪ್ಪನಿಗೆ ವರ್ಷದ ಕೊನೆಯ ರಜೆ ಅಂದ್ರೆ ರಿಪೇರಿ ದಿನ. ‘ಆಮೇಲೆ ನೋಡೋಣ’ ಅಂತ ಪಕ್ಕಕ್ಕಿಟ್ಟಿದ್ದೆಲ್ಲ ಅವತ್ತು ಹೊರಗೆ ಬರುತ್ತಿತ್ತು. ಕಿರುಗುಟ್ಟುವ ಬಾಗಿಲು, ಹಿಡಿ ಸಡಿಲವಾದ ಪಾತ್ರೆ, ಗುಂಡಿ ಕಿತ್ತುಹೋದ ಸ್ವೆಟರ್, ನಿಂತ ಗಡಿಯಾರ. ಸ್ಕ್ರೂ, ಮೊಳೆ, ವಾಷರ್ ಎಲ್ಲ ಒಂದು ಹಳೇ ಬಿಸ್ಕತ್ ಡಬ್ಬದಲ್ಲಿ ಇರುತ್ತಿದ್ದವು. ಅಪ್ಪ ಅದನ್ನು ಪೇಪರ್ ಮೇಲೆ ಸುರಿದು, ಬೆರಳಲ್ಲಿ ಕೆದಕಿ ಕೆದಕಿ ಬೇಕಾದ್ದನ್ನು ಹುಡುಕುತ್ತಿದ್ದರು. ಟಾರ್ಚ್ ಹಿಡಿಯುವುದು ನನ್ನ ಕೆಲಸ. ನಾನು ಎಲ್ಲಿ ನೋಡಿದರೆ ಬೆಳಕು ಅಲ್ಲಿಗೆ ಹೋಗುತ್ತಿತ್ತು. ಅಪ್ಪ ಬೈಯುತ್ತಿರಲಿಲ್ಲ. ಸುಮ್ನೆ ನನ್ನ ಮಣಿಕಟ್ಟು ಹಿಡಿದು ಮತ್ತೆ ಸರಿಯಾದ ಜಾಗಕ್ಕೆ ತರುತ್ತಿದ್ದರು. ಅವರ ಬೆರಳಿಗೆ ಮೆಷಿನ್ ಎಣ್ಣೆಯ ವಾಸನೆ ಇರುತ್ತಿತ್ತು.

ಅವರು ಹೋದ ಮೇಲೆ ಎರಡು ವರ್ಷ ನಾನು ಆ ಡಬ್ಬ ಮುಟ್ಟಲಿಲ್ಲ. ಮೂರನೇ ವರ್ಷ ಎಲ್ಲವನ್ನೂ ಅವರ ಹಾಗೇ ಮಾಡುತ್ತೇನೆ ಅಂತ ಹಟ ಹಿಡಿದೆ. ಬೆಳಿಗ್ಗೆ 6ಕ್ಕೇ ಎದ್ದು, ಅದೇ ಬಾಗಿಲಿಂದ ಶುರು ಮಾಡಿ, ಅದೇ ಕ್ರಮದಲ್ಲಿ. ಗಡಿಯಾರ ಬಿಚ್ಚಿದೆ, ಮತ್ತೆ ಜೋಡಿಸಲು ಬರಲಿಲ್ಲ. ಸಂಜೆ ಹೊತ್ತಿಗೆ ಮನೆಯಲ್ಲಿ ಎಲ್ಲರ ಮುಖವೂ ಸಪ್ಪಗಾಗಿತ್ತು. ನನಗೆ ಬೇಕಾಗಿದ್ದದ್ದು, ಇಬ್ಬರು ಒಂದೇ ಟಾರ್ಚಿನ ಬೆಳಕಲ್ಲಿ ತಲೆ ಬಗ್ಗಿಸಿ ಕೂರುವ ಅರ್ಧ ಗಂಟೆ. ಅದು ಹೊಳೆಯಲು ಇನ್ನೊಂದು ವರ್ಷ ಹಿಡಿಯಿತು.

ಈಗ ನಾವು ಒಂದೇ ಒಂದು ವಸ್ತು ರಿಪೇರಿ ಮಾಡುತ್ತೇವೆ. ಅದೂ ಸಂಜೆ. ಟಾರ್ಚ್ ಮಗಳ ಕೈಯಲ್ಲಿ. ಏನು ಕೆಟ್ಟಿತ್ತು, ಹೇಗೆ ಸರಿಯಾಯಿತು ಅಂತ ಅವಳು ಒಂದು ನೋಟ್‌ಬುಕ್ಕಲ್ಲಿ ಬರೆಯುತ್ತಾಳೆ. ಅದನ್ನು ಸೇರಿಸಿದ್ದು ಅವಳೇ, ನಾನು ಹೇಳಿಕೊಟ್ಟಿದ್ದಲ್ಲ. ಹೋದ ವರ್ಷ ಕೆಲಸದ ಗಡಿಬಿಡಿಯಲ್ಲಿ ನಾನು ಮರೆತೇಬಿಟ್ಟಿದ್ದೆ. ‘ಈ ಸಲ ಏನು ರಿಪೇರಿ?’ ಅಂತ ಅವಳು ಬಂದು ಕೇಳಿದಳು. ಆವತ್ತಿಂದ ನನಗೆ ಇದು ನಾಟಕ ಅನ್ನಿಸಿಲ್ಲ.

ನಾವೇ ಮಾಡಿಕೊಂಡಿದ್ದು ಪದ್ಧತಿ ಆಗುತ್ತದಾ ಅನ್ನೋ ಅನುಮಾನ ಇದ್ದರೆ ಇದನ್ನು ಕೇಳಿ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಶ್ ವಿಶೆರ್ನ್ ಎಂಬ ಪಾದ್ರಿ ಬಡ ಮಕ್ಕಳಿಗಾಗಿ ಒಂದು ಆಶ್ರಮ ನಡೆಸುತ್ತಿದ್ದರು. ಕ್ರಿಸ್‌ಮಸ್‌ಗೆ ಇನ್ನೆಷ್ಟು ದಿನ ಅಂತ ಮಕ್ಕಳು ದಿನಾ ಕೇಳುತ್ತಿದ್ದರಂತೆ. 1839ರಲ್ಲಿ ಅವರು ಒಂದು ಹಳೇ ಗಾಡಿಯ ಚಕ್ರಕ್ಕೆ ಮೇಣದಬತ್ತಿ ಸಿಕ್ಕಿಸಿದರು. ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿ, ನಾಲ್ಕು ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿ. ದಿನಕ್ಕೊಂದು ಹಚ್ಚಿದರೆ ಮಕ್ಕಳಿಗೆ ಲೆಕ್ಕ ಸಿಗುತ್ತದೆ, ಅಷ್ಟೇ. ಇವತ್ತು ಎಷ್ಟೋ ದೇಶಗಳ ಮನೆಗಳಲ್ಲಿ ಅಡ್ವೆಂಟ್‌ಗೆ, ಅಂದ್ರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲಕ್ಕೆ, ನಾಲ್ಕು ಬತ್ತಿಗಳ ಮಾಲೆ ಇಡುವುದು ಅಲ್ಲಿಂದ ಬಂದದ್ದು. ಅಮೆರಿಕದ ಕಪ್ಪು ಜನರು ಡಿಸೆಂಬರ್ 26ರಿಂದ ಜನವರಿ 1ರವರೆಗೆ ಆಚರಿಸುವ ಕ್ವಾಂಜಾ ಹಬ್ಬ ಇನ್ನೂ ಹೊಸದು. ಮೌಲಾನಾ ಕರೆಂಗಾ ಎಂಬ ಕಪ್ಪು ಹೋರಾಟಗಾರ ಅದನ್ನು ಶುರು ಮಾಡಿದ್ದು 1966ರಲ್ಲಿ. ಯಾವುದಕ್ಕೂ ಒಂದು ಮೊದಲ ವರ್ಷ ಇರುತ್ತದೆ, ಅಲ್ವಾ?

ಒಬ್ಬರೇ ಇರುವವರಿಗೆ ದಿನ ಗೊತ್ತು ಮಾಡಿಕೊಳ್ಳುವುದೇ ಕಷ್ಟ. ರಾತ್ರಿ ಪಾಳಿಯ ಕೆಲಸದಲ್ಲಿರುವ ನನ್ನ ಗೆಳತಿಯೊಬ್ಬಳು ಡಿಸೆಂಬರ್ 21 ಅಥವಾ 22ರ ಅತಿ ಉದ್ದದ ರಾತ್ರಿಯನ್ನು ಆರಿಸಿಕೊಂಡಿದ್ದಾಳೆ. ಅವತ್ತು ರಜೆ ಸಿಗದಿದ್ದರೂ ಊಟದ ಬಿಡುವಲ್ಲಿ, ಆ ವರ್ಷವಿಡೀ ಮಾತಾಡದ ಒಬ್ಬರಿಗೆ ಕಾಗದ ಬರೆಯುತ್ತಾಳೆ. ಒಂದೇ ಪುಟ. ನಿಮಗೆ ಬೇರೆ ದಿನ ಹೊಂದಿದರೆ ಅದೇ ಆಗಲಿ. ಆದರೆ ಒಂದೇ ವರ್ಷದಲ್ಲಿ ಐದಾರು ಹೊಸದನ್ನು ತಲೆ ಮೇಲೆ ಹಾಕಿಕೊಳ್ಳಬೇಡಿ, ಯಾವುದೂ ಉಳಿಯುವುದಿಲ್ಲ. ಈ ವರ್ಷ ಏನೂ ಬೇಡ ಅನ್ನಿಸಿದರೆ ಬಿಟ್ಟುಬಿಡಿ. ನಾನು ಎರಡು ವರ್ಷ ಬಿಟ್ಟಿದ್ದೆ, ಡಬ್ಬ ಅಲ್ಲೇ ಇತ್ತು.

ನಿಮ್ಮ ಆಲ್ಬಮ್ ವಿಷಯಕ್ಕೆ ಬಂದರೆ, ಒಬ್ಬರೇ ಕೂತು ಪೂರ್ತಿ ನೋಡುವುದು ಭಾರ ಆಗುತ್ತದೆ. ಒಂದು ಫೋಟೋ ಮಾತ್ರ ಹೊರಗೆ ತೆಗೆಯಿರಿ. ಅದರ ಹಿಂದೆ ಯಾರು, ಎಲ್ಲಿ, ಯಾವ ವರ್ಷ ಅಂತ ಬರೆಯಿರಿ. ಮೆತ್ತನೆಯ ಪೆನ್ಸಿಲ್‌ನಲ್ಲಿ, ಒತ್ತದೆ. ಬಾಲ್ ಪೆನ್ ಆದರೆ ಮುಂಭಾಗದಲ್ಲಿ ಗೆರೆ ಮೂಡುತ್ತದೆ. ನಿಮಗೆ ಗುರುತು ಸಿಗದವರು ಯಾರಾದರೂ ಅದರಲ್ಲಿ ಇದ್ದೇ ಇರುತ್ತಾರೆ. ಅಣ್ಣನಿಗೆ ಫೋನ್ ಮಾಡಿ, ಇವರು ಯಾರು ಅಂತ ಕೇಳಿ.