ಭಾನುವಾರದ ಕೋಳಿ ಸಾರಿಗೆ ಎಷ್ಟು ಪಾಯಿಂಟ್?

ಪ್ರಶ್ನೆ: ನನಗೆ 41 ವರ್ಷ. ಮಂಡ್ಯ ಕಡೆಯವಳು, ಈಗ ನ್ಯೂಜೆರ್ಸಿಯಲ್ಲಿದ್ದೇನೆ. ಎರಡು ತಿಂಗಳಿಂದ ವೇಟ್ ವಾಚರ್ಸ್ ಪದ್ಧತಿಯಲ್ಲಿ, ಪ್ರತಿ ತಿನಿಸಿಗೂ ಇಷ್ಟು ಅಂತ ಇರೋ ಪಾಯಿಂಟ್ ಲೆಕ್ಕ ಹಾಕಿ ಡಯಟ್ ಮಾಡುತ್ತಿದ್ದೇನೆ. ವಾರವಿಡೀ ಸಲೀಸು, ಭಾನುವಾರ ಕೋಳಿ ಸಾರು ಮಾಡಿದರೆ ಲೆಕ್ಕವೇ ಸಿಗುವುದಿಲ್ಲ. ಮಾಂಸವನ್ನು ಮೂಳೆ ಸಮೇತ ತೂಗಬೇಕಾ? ಹಸಿ ತೂಕ ಹಿಡಿಯಬೇಕಾ, ಬೆಂದದ್ದಾ? ಕೋಳಿಗೆ ಸೊನ್ನೆ ಪಾಯಿಂಟ್ ಅಂತಾರೆ, ಆದರೂ ತೂಕ ಇಳಿಯುತ್ತಿಲ್ಲ.

ಉತ್ತರ: ಮೊದಲು ಆ ಸೊನ್ನೆಯ ವಿಷಯ ಮುಗಿಸೋಣ. ಈ ಪಾಯಿಂಟ್ ಪದ್ಧತಿ ನಡೆಸುವ ವೇಟ್ ವಾಚರ್ಸ್ ಕಂಪನಿಯವರು 2017ರ ಕೊನೆಯಲ್ಲಿ ಸೊನ್ನೆ ಪಾಯಿಂಟಿನ ಪಟ್ಟಿ ಬೆಳೆಸಿದಾಗ ಅದಕ್ಕೆ ಸೇರಿದ್ದು ಚರ್ಮ ತೆಗೆದ ಎದೆ ಮಾಂಸ. ಇಡೀ ಕೋಳಿಯಲ್ಲ, ಸಾರಂತೂ ಅಲ್ಲವೇ ಅಲ್ಲ. ಪಟ್ಟಿ ಆಗಾಗ ಬದಲಾಗುತ್ತದೆ, ನೀವು ಲೆಕ್ಕ ಬರೆಯುವ ಆ್ಯಪ್‌ನಲ್ಲಿ ಈಗ ಏನಿದೆ ಒಮ್ಮೆ ನೋಡಿಕೊಳ್ಳಿ. ಸೊನ್ನೆ ಅಂದರೆ ಪಾಯಿಂಟ್ ಲೆಕ್ಕಕ್ಕೆ ಹಿಡಿಯಬೇಕಿಲ್ಲ ಅಂತ, ಕ್ಯಾಲೊರಿ ಇಲ್ಲ ಅಂತಲ್ಲ. ಬೆಂದ ಎದೆ ಮಾಂಸ 100 ಗ್ರಾಂಗೆ ಸುಮಾರು 165 ಕ್ಯಾಲೊರಿ ಇರುತ್ತದೆ. ಬರೀ ಬೇಯಿಸಿದ ಕೋಳಿಯನ್ನು ಯಾರೂ ಮಿತಿಮೀರಿ ತಿನ್ನುವುದಿಲ್ಲ ಅನ್ನೋ ನಂಬಿಕೆ ಅದು. ಸಾರು, ಮುದ್ದೆ ಜೊತೆಯಲ್ಲಿದ್ದಾಗ ಆ ನಂಬಿಕೆ ನಿಲ್ಲಲ್ಲ. ನಾನೂ ಅದೇ ಕಡೆಯವಳು, ಗೊತ್ತು!

ಮೂಳೆಯ ಲೆಕ್ಕ ಸುಲಭ. ತುಂಡುಗಳನ್ನು ತಟ್ಟೆಗೆ ಹಾಕಿಕೊಳ್ಳುವಾಗ ತೂಗಿ. ಊಟ ಮುಗಿದ ಮೇಲೆ ಬದಿಗಿಟ್ಟ ಮೂಳೆಗಳನ್ನೂ ತೂಗಿ, ಕಳೆಯಿರಿ. ಹಾಕಿಕೊಂಡದ್ದು 250 ಗ್ರಾಂ, ಉಳಿದ ಮೂಳೆ 85 ಗ್ರಾಂ ಅಂದರೆ ನೀವು ತಿಂದದ್ದು 165 ಗ್ರಾಂ. ಮನೆಯವರು ನಗುತ್ತಾರೆ, ನಗಲಿ ಬಿಡಿ.

ಹಸಿಯೋ ಬೆಂದದ್ದೋ? ಯಾವುದಾದರೂ ಸರಿ. ಹಸಿ ತೂಗಿದರೆ ಆ್ಯಪ್‌ನಲ್ಲೂ ಹಸಿಯದ್ದನ್ನೇ ಆರಿಸಿ, ಅಷ್ಟೇ. ಬೇಯುವಾಗ ಮಾಂಸ ನೀರು ಬಿಟ್ಟು ಕಾಲು ಭಾಗ ಕುಗ್ಗುತ್ತದೆ. ಮೂಳೆಯಿಲ್ಲದ ಹಸಿ ಮಾಂಸ 113 ಗ್ರಾಂ ಇದ್ದರೆ ಬೆಂದಾಗ 85 ಆಗುತ್ತದೆ. ಬೆಂದ 150 ಗ್ರಾಂ ಎದೆ ಮಾಂಸವನ್ನು ಹಸಿ ಅಂತ ಬರೆದರೆ 250ರ ಬದಲು 180 ಕ್ಯಾಲೊರಿ ತೋರಿಸುತ್ತದೆ.

ಈಗ ನಿಜವಾದ ಕಳ್ಳನ ಹತ್ತಿರ ಬರೋಣ. ಅವನು ಮಾಂಸದಲ್ಲಿಲ್ಲ, ಮಸಾಲೆಯಲ್ಲಿದ್ದಾನೆ. ಒಂದು ಹೋಳು ಕಾಯಿ ತುರಿದರೆ 100 ಗ್ರಾಂ ಬಂತು ಅಂತಿಟ್ಟುಕೊಳ್ಳಿ. ಅದರಲ್ಲಿ 350 ಕ್ಯಾಲೊರಿ, 33 ಗ್ರಾಂ ಕೊಬ್ಬು. ಅಷ್ಟೂ ಹೆಚ್ಚುಕಡಿಮೆ ಸ್ಯಾಚುರೇಟೆಡ್ ಕೊಬ್ಬು, ಪಾಯಿಂಟ್ ಏರಿಸುವುದೇ ಅದು. ಒಗ್ಗರಣೆಗೆ ನಾಲ್ಕು ಟೇಬಲ್‌ಸ್ಪೂನ್ ಎಣ್ಣೆ ಅಂದರೆ ಇನ್ನೊಂದು 480. ಪಾತ್ರೆಯಲ್ಲಿ 830 ಆಯಿತು. ನಾಲ್ಕು ಜನ ಹಂಚಿಕೊಂಡರೆ ತಲೆಗೆ 200ಕ್ಕಿಂತ ಜಾಸ್ತಿ, ಕೋಳಿಯ ಲೆಕ್ಕ ಇನ್ನೂ ಶುರುವಾಗಿಲ್ಲ! ಹಾಗಾಗಿ ಬಾಟಲಿಯಿಂದ ನೇರ ಸುರಿಯಬೇಡಿ, ಚಮಚದಲ್ಲಿ ಅಳೆಯಿರಿ. ಕಾಯಿ ಅರ್ಧ ಮಾಡಿ, ಹುರಿದ ಈರುಳ್ಳಿ ಜಾಸ್ತಿ ರುಬ್ಬಿ ಹಾಕಿ, ಸಾರು ಗಟ್ಟಿಯಾಗುತ್ತದೆ. ಮಟನ್ ಸಾರಾದರೆ ಹಿಂದಿನ ರಾತ್ರಿಯೇ ಮಾಡಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಮೇಲೆ ಹೆಪ್ಪುಗಟ್ಟಿದ ಕೊಬ್ಬನ್ನು ಎತ್ತಿ ಹಾಕಬಹುದು. ನನ್ನ ಮಟ್ಟಿಗೆ ರುಚಿಯೂ ಮಾರನೇ ದಿನವೇ ಜಾಸ್ತಿ.

ಮನೆಯಲ್ಲಿ ಮಾಡಿದ ಸಾರಿಗೆ ಆ್ಯಪ್‌ನಲ್ಲಿರೋ "ಚಿಕನ್ ಕರಿ" ಆರಿಸಬೇಡಿ, ಅದು ಯಾರ ಮನೆಯದೋ. ನಿಮ್ಮ ಸಾಮಾನುಗಳನ್ನು ಒಂದು ಸಲ ಬರೆದು ರೆಸಿಪಿಯಾಗಿ ಉಳಿಸಿಕೊಳ್ಳಿ.

ನೆಂಟರ ಮನೆಗೆ ತಕ್ಕಡಿ ಹೊತ್ತೊಯ್ಯೋಕೆ ಆಗಲ್ಲ, ಅಲ್ವಾ? ಅಲ್ಲಿ ಕೈಯೇ ಅಳತೆ. ಬೆರಳು ಬಿಟ್ಟು ಅಂಗೈಯಷ್ಟು ಅಗಲ, ಇಸ್ಪೀಟ್ ಕಟ್ಟಿನಷ್ಟು ದಪ್ಪ ಇದ್ದರೆ ಮೂಳೆಯಿಲ್ಲದ ಬೆಂದ ಮಾಂಸ ಸುಮಾರು 85 ಗ್ರಾಂ. ಬೆಂಕಿಪೊಟ್ಟಣದಷ್ಟು ತುಂಡು 30 ಗ್ರಾಂ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಕಿಡ್ನಿ ತೊಂದರೆ ಇರುವವರು ಮಾತ್ರ ಈ ಲೆಕ್ಕಗಳನ್ನು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮುದ್ದೆಯನ್ನು ಹಿಟ್ಟಿನಲ್ಲೇ ಅಳೆಯಿರಿ. 60 ಗ್ರಾಂ ರಾಗಿ ಹಿಟ್ಟಿಗೆ ಸುಮಾರು 190 ಕ್ಯಾಲೊರಿ. ಭಾನುವಾರ ತಟ್ಟೆಗೆ ಎರಡನೇ ಮುದ್ದೆ ಬೀಳುತ್ತದೆಯಲ್ಲ, ಅದನ್ನೂ ಬರೆದುಕೊಳ್ಳಿ.