ವಾಲ್ವ್ ಆಪರೇಷನ್ ಆದವರು ಸೊಪ್ಪು ತಿನ್ನಬಾರದಾ?

ಅಮ್ಮನ ಹೃದಯಕ್ಕೆ ಮೆಕ್ಯಾನಿಕಲ್ (ಕೃತಕ) ಮೈಟ್ರಲ್ ವಾಲ್ವ್, ಅಂದರೆ ಎಡಭಾಗದ ಎರಡು ಕೋಣೆಗಳ ನಡುವಿನ ಕವಾಟ ಹಾಕಿದ್ದಾರೆ, ನೆಂಟರೆಲ್ಲ ಸೊಪ್ಪು ಮುಟ್ಟಲೇಬೇಡಿ ಅಂತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ದಯವಿಟ್ಟು ಪೂರ್ತಿ ಬಿಡಿಸಬೇಡಿ.

ಈ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರೆ ಜೀವನಪೂರ್ತಿ ಬೇಕು. ಅದು ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಕೆಲಸವನ್ನು ತಡೆಯುತ್ತದೆ. ಪಾಲಕ್, ದಂಟು, ನುಗ್ಗೆಸೊಪ್ಪಿನಲ್ಲಿ ಆ ವಿಟಮಿನ್ ಹೇರಳ. ವಾರವೆಲ್ಲ ಸೊಪ್ಪಿಲ್ಲದೆ ಇದ್ದು, ಭಾನುವಾರ ಬಸ್ಸಾರು, ಪಲ್ಯ ಎರಡನ್ನೂ ಹೊಟ್ಟೆ ತುಂಬ ತಿಂದರೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ತೋರಿಸುವ ರಕ್ತಪರೀಕ್ಷೆಯ ಅಂಕಿಯಾದ ಐಎನ್‌ಆರ್ ಏರುಪೇರಾಗುತ್ತದೆ. ದಿನಾ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ತಿಂದರೆ ಡಾಕ್ಟರು ಅದಕ್ಕೆ ತಕ್ಕಂತೆ ಡೋಸ್ ಹೊಂದಿಸುತ್ತಾರೆ. ಮೈಟ್ರಲ್ ಜಾಗದ ಮೆಕ್ಯಾನಿಕಲ್ ವಾಲ್ವ್‌ಗೆ ಸಾಮಾನ್ಯವಾಗಿ ಐಎನ್‌ಆರ್ 2.5ರಿಂದ 3.5ರೊಳಗೆ ಇರಬೇಕು. ಅಮ್ಮನಿಗೆ ಎಷ್ಟು ಅಂತ ಕೇಳಿ, ಪ್ರತಿ ಸಲದ ರಿಪೋರ್ಟನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ.

ಸೊಪ್ಪಿಗಿಂತ ನನಗೆ ಹೆಚ್ಚು ಭಯ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ತರುವ ನೋವಿನ ಮಾತ್ರೆಯದು. ವಾರ್ಫರಿನ್ ಜೊತೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವ ಆಗಬಹುದು. ಮಲ ಕಪ್ಪಗಾದರೆ, ಮೂಗಿನ ರಕ್ತ ನಿಲ್ಲದಿದ್ದರೆ, ಮಾತು ತೊದಲಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಹಲ್ಲು ಕೀಳಿಸುವಾಗ ದಂತವೈದ್ಯರಿಗೆ ವಾಲ್ವ್ ವಿಷಯ ಮೊದಲೇ ಹೇಳಿ. ಸೋಂಕು ತಡೆಯಲು ಆಂಟಿಬಯೋಟಿಕ್ ಬೇಕಾಗುತ್ತದೆ. ಯಾರು ಹೇಳಿದರೂ ವಾರ್ಫರಿನ್ ನೀವಾಗಿಯೇ ನಿಲ್ಲಿಸಬೇಡಿ.

ಆಪರೇಷನ್ನಿನಲ್ಲಿ ಕತ್ತರಿಸಿದ ಎದೆಮೂಳೆ ಕೂಡಿ ಗಟ್ಟಿಯಾಗಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಬಿಂದಿಗೆ, ತುಂಬಿದ ಕುಕ್ಕರ್, ಮೊಮ್ಮಗು ಯಾವುದನ್ನೂ ಎತ್ತುವುದು ಬೇಡ. ಕೆಮ್ಮು ಬಂದಾಗ ದಿಂಬನ್ನು ಎದೆಗೆ ಒತ್ತಿಕೊಳ್ಳಲಿ, ನೋವು ಕಡಿಮೆಯಾಗುತ್ತದೆ.